ನೀಲವ್ವನ ಜಡೆ ಹುಡುಕಿ ಡೆನ್ಮಾರ್ಕಿಗೆ

ಭಾಗ್ಯನಗರ

ಡೆನ್ಮಾರ್ಕಿಗೆ ಏಕೆ ಹೋಗುತ್ತಿದ್ದೀರಿ ಎಂದು ವೀಸಾ ಕಚೇರಿಯಲ್ಲಿ ಕೇಳಿದರು. ಅಲ್ಲಿನ ಒಂದು ಬಿಸಿನೆಸ್ ಸ್ಕೂಲಿನಲ್ಲಿ ಮಾತಾಡಲು ಕರೆದಿದ್ದಾರೆ ಎಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನನ್ನ ಅಕ್ಕನ ಜಡೆ ಈಗ ಯಾರ ತಲೆಯ ಮೇಲಿದೆ ಎಂದು ನೋಡಿಬರಲು ಹೊರಟಿದ್ದೇನೆ ಎಂದು ಆ ಗಾಜಿನ ಹಿಂದೆ ಕೂತ ಹುಡುಗಿಗೆ ಹೇಗೆ ಹೇಳಲಿ?

ನಾನು ಕುಷ್ಟಗಿ, ಯಲಬುರ್ಗಾಗಳ ಸರಕಾರಿ ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ವಾರ್ಡನ್ ಆಗಿದ್ದು ನಿವೃತ್ತಳಾದವಳು. ಗಂಟೆ ಹೊಡೆದು ಎಬ್ಬಿಸುವುದು, ಗಂಟೆ ಹೊಡೆದು ಉಣ್ಣಿಸುವುದು, ಗಂಟೆ ಹೊಡೆದು ಮಲಗಿಸುವುದು. ನಿವೃತ್ತಿಯ ನಂತರ ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರಕ್ಕೆ, ಅಕ್ಕ ನೀಲವ್ವನ ಜೊತೆ ಇರಲು ಬಂದೆ. ಅವಳದು ಕೂದಲಿನ ಶೆಡ್ಡು.

ನಮ್ಮ ಕಡೆಯವರಿಗೆ ಇದು ಗೊತ್ತು, ದೂರದ ಓದುಗರಿಗಾಗಿ ಹೇಳುತ್ತೇನೆ. ಹೆಂಗಸರು ತಲೆ ಬಾಚಿದಾಗ ಹಣಿಗೆಯಲ್ಲಿ ಉಳಿದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಗೋಡೆಯ ಸಂದಿಗೆ ಸಿಕ್ಕಿಸಿಡುತ್ತಾರೆ. ಓಣಿಯಲ್ಲಿ ಕೂದಲಿನವನು ಕೂಗುತ್ತ ಬಂದಾಗ ಅದನ್ನು ಕೊಟ್ಟು ಪಿನ್ನನ್ನೋ ಪ್ಲಾಸ್ಟಿಕ್ ಬುಟ್ಟಿಯನ್ನೋ ಪಡೆಯುತ್ತಾರೆ. ಆ ಉಂಡೆಗಳು ನಮ್ಮಂಥ ಶೆಡ್ಡುಗಳಿಗೆ ಬರುತ್ತವೆ. ನಮ್ಮ ಹೆಂಗಸರು ಸಿಕ್ಕು ಬಿಡಿಸಿ, ತೊಳೆದು, ಮೊಳೆ ಬಡಿದ ಹಲಗೆಯ ಮೇಲೆ ಬಾಚಿ, ಉದ್ದಕ್ಕೆ ಉದ್ದ ಹೊಂದಿಸಿ, ಕೆಂಪು ದಾರದಿಂದ ಕಟ್ಟುತ್ತಾರೆ. ಆ ಕಟ್ಟುಗಳು ಸಮುದ್ರ ದಾಟಿ ಹೋಗಿ ವಿಗ್ಗುಗಳಾಗುತ್ತವೆ.

ನೀಲವ್ವ ಶೆಡ್ಡನ್ನು ನಗುತ್ತ ನಡೆಸುತ್ತಿದ್ದಳು. ಹೊತ್ತು ಗೊತ್ತು ಇರಲಿಲ್ಲ. ನಾನು ಬಂದವಳೇ ಬಾಗಿಲಿಗೆ ಒಂದು ಗಂಟೆ ತೂಗುಹಾಕಿದೆ. "ಇದೇನ ತಂಗೀ, ಜೈಲ್ ಮಾಡಿದ್ಯಲ್ಲ!" ಎಂದಳು. ಆದರೆ ಗಂಟೆ ತೆಗೆಸಲಿಲ್ಲ.

ಅವಳ ಕೂದಲು ಮೊಣಕಾಲು ಮುಟ್ಟುತ್ತಿತ್ತು. ನಾವಿಬ್ಬರೂ ಕುಕನೂರಿನಿಂದ ಬಂದು ಕೊಪ್ಪಳದ ಹಾಸ್ಟೆಲಿನಲ್ಲಿ ಓದಿದವರು. ಅಲ್ಲಿ ಒಬ್ಬರ ಜಡೆ ಇನ್ನೊಬ್ಬರು ಹಾಕಬೇಕು, ಪ್ರಾರ್ಥನೆಯ ಗಂಟೆಗೆ ಮೊದಲೇ ಮುಗಿಸಬೇಕು. ಅವಳ ಜಡೆ ನನ್ನ ಪಾಲು. ಅಂಥ ಹಟಮಾರಿ ಕೂದಲನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೊದಲೆರಡು ಹೆಣಿಕೆ ಸುಮ್ಮನೆ ಇರುತ್ತಿತ್ತು, ಮೂರನೆಯದಕ್ಕೆ ನಡುವಿನ ಎಳೆ ಕೈಯಿಂದ ಜಾರಿಬಿಡುತ್ತಿತ್ತು. ಎರಡು ಸಲ ಎಳೆದು ಬಿಗಿಮಾಡಬೇಕು. ಅಷ್ಟರಲ್ಲಿ ಗಂಟೆ. ನನಗೆ ಬೈಗುಳ, ಅವಳಿಗೆ ನಗು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕ್ಯಾನ್ಸರಿನ ಔಷಧ ಶುರುವಾಗುವ ಮುನ್ನ, ಕೂದಲು ಹೇಗೂ ಉದುರಿಹೋಗುತ್ತದೆ ಎಂದು ಅವಳೇ ಜಡೆ ಕತ್ತರಿಸಿಕೊಂಡಳು. ನಾನು ಅದನ್ನು ಸೀರೆಯ ತುಂಡಿನಲ್ಲಿ ಸುತ್ತತೊಡಗಿದೆ.

"ಟ್ರಂಕಿನ್ಯಾಗ ಇಟ್ಟು ಪೂಜಾ ಮಾಡ್ತೀಯೇನ?" ಎಂದಳು ಹಾಸಿಗೆಯಿಂದಲೇ. "ಶೆಡ್ಡಿಗೆ ಒಯ್ದು ಉದ್ದನ ಕಟ್ಟಿನ್ಯಾಗ ಕೂಡಿಸು. ಹುಳಾ ಹಿಡಿಯೂ ಬದ್ಲಿ ಯಾರದರ ತಲಿ ಮ್ಯಾಲೆ ಇರಲಿ."

ಅವಳು ಹೇಳಿದಂತೆ ಮಾಡಿದೆ. ಕಟ್ಟು ಹೋಯಿತು. ಆಮೇಲೆ ಅವಳೂ ಹೋದಳು.

ಕರೀನ್ ನಮ್ಮ ಶೆಡ್ಡಿಗೆ ಬಂದದ್ದು ಅದಾದ ಮೇಲೆ. ಡೆನ್ಮಾರ್ಕಿನ ಬಿಸಿನೆಸ್ ಸ್ಕೂಲಿನಲ್ಲಿ ಕಲಿಸುವ, ಸಂಶೋಧನೆ ಮಾಡುವ ಹೆಣ್ಣುಮಗಳು. ನಮ್ಮ ಹೆಂಗಸರ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಸಿಕ್ಕು ಬಿಡಿಸಿದಳು, ನಾಲ್ಕು ಮಾತು ಕನ್ನಡವನ್ನೂ ಕಲಿತುಕೊಂಡಳು. ಒಂದು ಸರಕು ಎಲ್ಲಿ ಹುಟ್ಟಿತು, ಯಾರ ಕೈ ದಾಟಿತು, ಯಾವ ನೀರು ಕೆಡಿಸಿತು, ಕೊನೆಗೆ ಎಲ್ಲಿಗೆ ಮುಟ್ಟಿತು ಎಂದು ಬುಡದಿಂದ ತುದಿಯವರೆಗೆ ಹಾದಿ ಹಿಡಿಯುವುದು ಅವರ ಪಾಠ. "ಒಂದು ತಲೆಯಿಂದ ಇನ್ನೊಂದು ತಲೆಯವರೆಗೆ ಹೋಗುತ್ತೇವೆ" ಎಂದಳು. ಆ ಮಾತನ್ನು ನಾನು ಅಕ್ಷರಶಃ ಹಿಡಿದುಕೊಂಡೆ. ಅವಳಿಂದ ಕರೆ ಬಂದಾಗ ಹಿಂದುಮುಂದು ನೋಡಲಿಲ್ಲ. ಹಲಗೆಯ ಕೆಲಸ ತೋರಿಸಲು ಶೆಡ್ಡಿನ ಹುಲಿಗೆಮ್ಮನನ್ನೂ ಕರೆದಿದ್ದರು.

ಹುಲಿಗೆಮ್ಮ ನೀಲವ್ವನ ಕಾಲದವಳು. ನನ್ನ ಗಂಟೆಗೆ ಹೆದರದ ಒಬ್ಬಳೇ ಒಬ್ಬಳು. ಮೇಡಂ ಎನ್ನದೆ, ನಮ್ಮ ಕಡೆಯ ರೂಢಿಯಂತೆ ನನ್ನನ್ನು ಬಾಯಾರ ಎಂದೇ ಕರೆಯುತ್ತಾಳೆ.

ರೈಲು

ವಿಮಾನದ ಬಗ್ಗೆ ಬರೆಯುವುದಿಲ್ಲ. ಕೂತೆವು, ಇಳಿದೆವು. ಹುಲಿಗೆಮ್ಮ ಕೊಟ್ಟದ್ದೆಲ್ಲ ತಿಂದಳು, ನಾನು ನನ್ನ ಹೊತ್ತಿಗೆ ನನ್ನ ರೊಟ್ಟಿ ತಿಂದೆ.

ಕರೀನಳ ಊರಿಗೆ ರೈಲಿನಲ್ಲಿ ಹೋಗಬೇಕು. ಊರಿನ ಹೆಸರು ಕೊನೆಯವರೆಗೂ ನನ್ನ ನಾಲಿಗೆಗೆ ಒಗ್ಗಲಿಲ್ಲ, ಆದ್ದರಿಂದ ಬರೆಯುವ ಸಾಹಸ ಮಾಡುವುದಿಲ್ಲ. ಸಮುದ್ರದ ದಂಡೆಯ ಊರು ಎಂದಿಟ್ಟುಕೊಳ್ಳಿ. ಡಬ್ಬಿಯ ತುಂಬ ಜನ, ಒಂದು ಮಾತಿಲ್ಲ. ನಮ್ಮಲ್ಲಿ ಗಂಗಾವತಿಯ ಬಸ್ಸು ಸ್ಟ್ಯಾಂಡು ಬಿಡುವುದರೊಳಗೆ ಪಕ್ಕದವರ ಮಗಳ ಮದುವೆ ಎಲ್ಲಿಗೆ ಬಂತು ಎಂದು ಗೊತ್ತಾಗಿರುತ್ತದೆ. ಇಲ್ಲಿ ಪಕ್ಕದವರು ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನೋಡಬೇಕು.

ನಾನು ಮುಖಗಳನ್ನು ನೋಡಲಿಲ್ಲ. ಬೆನ್ನುಗಳನ್ನು ನೋಡಿದೆ. ಬಾಗಿಲ ಬಳಿ ನಿಂತವಳದು ಕುತ್ತಿಗೆಯವರೆಗೆ. ಪುಸ್ತಕ ಹಿಡಿದವಳದು ಭುಜದವರೆಗೆ. ಸೊಂಟದವರೆಗೆ ಬಿಟ್ಟವಳು ಒಬ್ಬಳಿದ್ದಳು, ಅವಳದು ಹುಲ್ಲಿನ ಬಣ್ಣ. ಕರೀನ್ ನನಗೆ ಮೊದಲೇ ಹೇಳಿದ್ದಳು, ನಮ್ಮ ಕಪ್ಪು ಕೂದಲಿಗೆ ಇಲ್ಲಿ ಬಣ್ಣ ತೆಗೆದು ಬೇರೆ ಬಣ್ಣ ಏರಿಸುತ್ತಾರೆ ಎಂದು. ಅಂದಮೇಲೆ ಯಾರದೂ ಆಗಿರಬಹುದು.

ಎದುರಿಗೆ ಕರಿ ಕೋಟಿನ ಗೃಹಸ್ಥರೊಬ್ಬರು ಕೂತಿದ್ದರು. ಅವರ ಭುಜದ ಮೇಲೆ ಒಂದು ಉದ್ದನೆಯ ಹೊನ್ನಿನ ಬಣ್ಣದ ಕೂದಲು. ನಾನು ಯೋಚಿಸಲಿಲ್ಲ, ಕೈ ಯೋಚಿಸಿತು. ಬಾಗಿ ಅದನ್ನು ತೆಗೆದೆ, ಬೆರಳಿಗೆ ಸುತ್ತಿದೆ, ಎಲ್ಲಿ ಸಿಕ್ಕಿಸಲಿ ಎಂದು ಪಕ್ಕಕ್ಕೆ ತಡವಿದೆ.

"ಸಂದಿ ಹುಡುಕಬ್ಯಾಡ್ರಿ ಬಾಯಾರ," ಎಂದಳು ಹುಲಿಗೆಮ್ಮ, "ಇದು ಗ್ವಾಡಿ ಅಲ್ಲ, ರೈಲು."

ಆ ಮನುಷ್ಯ ನನ್ನ ಬೆರಳನ್ನೇ ನೋಡುತ್ತಿದ್ದರು. ಸುಮ್ಮನಿರಲಾಗದೆ ಇಂಗ್ಲಿಷಿನಲ್ಲಿ ವಿವರಿಸಿದೆ: ಉದುರಿದ ಕೂದಲು, ನಾವು ಕೂಡಿಡುತ್ತೇವೆ, ಸಾಕಷ್ಟಾದ ಮೇಲೆ ಕಳಿಸುತ್ತೇವೆ. ವಿವರಿಸದೆ ಇದ್ದಿದ್ದರೆ ಒಳ್ಳೆಯದಿತ್ತು. ಅವರು ಬಹಳ ಮರ್ಯಾದೆಯಿಂದ ತಲೆಬಾಗಿಸಿ, ಚೀಲ ಎತ್ತಿಕೊಂಡು, ಬೇರೆ ಡಬ್ಬಿಗೆ ಹೋದರು.

"ಪಾಪ, ಹೆಂಡ್ತಿದಿರಬೇಕ್ರಿ," ಎಂದಳು ಹುಲಿಗೆಮ್ಮ. "ಇಲ್ಲಾಂದ್ರ ಹೆಂಡ್ತಿದಲ್ಲೋ ಏನೋ. ಅದಕ್ಕ ಅಷ್ಟು ಲಗೂ ಎದ್ದ."

ಕರೀನಳ ಮನೆ

ಬೆಳಗ್ಗೆ ಊಟದ ಮೇಜಿನ ಮೇಲೆ ಮೇಣದ ಬತ್ತಿ ಹಚ್ಚಿಟ್ಟಿದ್ದಳು.

"ಕರೆಂಟ್ ಹೋಗೇತೇನ್ರಿ?" ಎಂದು ಹುಲಿಗೆಮ್ಮ ಕೇಳಿದಳು.

ಹೋಗಿರಲಿಲ್ಲ, ತಲೆಯ ಮೇಲೆ ದೀಪ ಉರಿಯುತ್ತಿತ್ತು. ಇಲ್ಲಿಯವರಿಗೆ ಮೇಣದ ಬತ್ತಿ ಎಂದರೆ ಮನೆ ಬೆಚ್ಚಗಿದೆ ಎಂಬ ಗುರುತು. ಹೊರಗೆ ಸೂರ್ಯ ಬರಲೋ ಬೇಡವೋ ಎಂದು ಯೋಚಿಸುವ ನಾಡು, ಅವರಾದರೂ ಏನು ಮಾಡಿಯಾರು. ಕಪ್ಪು ರೊಟ್ಟಿ ಕೊಟ್ಟಳು. ಹುಳಿ, ಭಾರ. ನಮ್ಮ ಸಜ್ಜೆ ರೊಟ್ಟಿ ನಾಲ್ಕು ದಿನ ಇಟ್ಟರೆ ಹೀಗಾದೀತು. ಹುಲಿಗೆಮ್ಮ ಚೀಲದಿಂದ ಶೇಂಗಾ ಚಟ್ನಿ ತೆಗೆದು ಅದಕ್ಕೆ ಒಂದು ದಾರಿ ತೋರಿಸಿದಳು.

ಆ ಊರಿನಲ್ಲಿ ನನಗೆ ಹಿಡಿಸಿದ್ದು ಒಂದು: ಒಂದೂ ಗಾಡಿ ಕಾಣದ ರಸ್ತೆಯಲ್ಲೂ ಕೆಂಪು ದೀಪ ಇದ್ದರೆ ಜನ ನಿಲ್ಲುತ್ತಾರೆ. ಗಾಳಿ ಸೀಳುತ್ತಿದೆ, ಮಳೆ ಹನಿಯುತ್ತಿದೆ, ಆದರೂ ನಿಲ್ಲುತ್ತಾರೆ. ನನ್ನ ಹಾಸ್ಟೆಲಿನ ಮಕ್ಕಳು ಹೀಗಿದ್ದರೆ ನನಗೆ ಇನ್ನೂ ಸ್ವಲ್ಪ ಕಪ್ಪು ಕೂದಲು ಉಳಿದಿರುತ್ತಿತ್ತು. ಹಿಡಿಸದ್ದೂ ಒಂದು: ಚಹಾದಂಗಡಿಯ ಹೊರಗೆ, ಆ ಚಳಿಯಲ್ಲಿ, ತಳ್ಳುಗಾಡಿಗಳಲ್ಲಿ ಕೂಸುಗಳನ್ನು ಮಲಗಿಸಿ ತಾಯಂದಿರು ಒಳಗೆ ಕೂತಿದ್ದರು. ಹೊರಗಿನ ಗಾಳಿ ಕೂಸಿಗೆ ಒಳ್ಳೆಯದಂತೆ. ಹುಲಿಗೆಮ್ಮ ಒಂದು ಗಾಡಿಯ ಪಕ್ಕ ಕಾವಲು ನಿಂತುಬಿಟ್ಟಳು. "ನೀವು ಚಾ ಕುಡದು ಬರ್ರಿ. ಇದರವ್ವ ಬರೂತನಕ ನಾ ಇಲ್ಲೇ ಇರತೀನಿ" ಎಂದು ಹಟ ಹಿಡಿದಳು. ಆ ತಾಯಿ ಹೊರಬಂದು ನಕ್ಕಳು, ಕರೀನ್ ಏನೋ ಹೇಳಿ ಸಮಾಧಾನ ಮಾಡಿದಳು.

ಶಾಲೆ

ಬಿಸಿನೆಸ್ ಸ್ಕೂಲಿಗೆ ಕಂಪೌಂಡು ಇಲ್ಲ, ಗೇಟು ಇಲ್ಲ, ಗಂಟೆಯೂ ಇಲ್ಲ. ಆದರೂ ಹುಡುಗ ಹುಡುಗಿಯರು ಹೊತ್ತಿಗೆ ಸರಿಯಾಗಿ ಬಂದು ಕೂತರು. ಇದನ್ನು ನೋಡಿ ನನಗೆ ಸಂತೋಷವೂ ಆಯಿತು, ಸ್ವಲ್ಪ ಅವಮಾನವೂ ಆಯಿತು.

ನಾನು ತಯಾರಿ ಮಾಡಿಕೊಂಡು ಹೋದದ್ದನ್ನು ಹೇಳಿದೆ: ಶೆಡ್ಡಿನ ಕೆಲಸದ ಹೊತ್ತು, ದೂಳಿಗೆ ಮೂಗು ಕಟ್ಟಿಕೊಳ್ಳುವ ನಿಯಮ, ತೊಳೆದ ನೀರನ್ನು ಚರಂಡಿಗೆ ಬಿಡದೆ ಇಂಗುಗುಂಡಿಗೆ ಬಿಡುವುದು. ಹುಲಿಗೆಮ್ಮ ಹಲಗೆಯ ಮುಂದೆ ಕೂತು ಬಾಚಿ ತೋರಿಸಿದಳು. ಮಕ್ಕಳು ಸುತ್ತ ನೆಲದ ಮೇಲೆ ಕೂತರು. ಒಬ್ಬ ಹುಡುಗಿಯ ಬೆನ್ನ ಮೇಲೆ ಹರಡಿದ್ದ ಕೂದಲನ್ನು ನೋಡಿ ಹುಲಿಗೆಮ್ಮ ನನ್ನ ಕಿವಿಯಲ್ಲಿ, "ಅರ್ಧ ಆಕಿದು, ಅರ್ಧ ನಮ್ಮದ ಐತ್ರಿ ಬಾಯಾರ" ಎಂದಳು. ನಾನು ಸುಮ್ಮನಿರು ಎಂದು ಮೊಣಕೈ ತಿವಿದೆ. ಆ ಹುಡುಗಿ ಅರ್ಥವಾದವಳಂತೆ ಕೂದಲು ಎತ್ತಿ, ಒಳಗೆ ಹೊಲಿದು ಕೂಡಿಸಿದ್ದ ಬೇರೆ ಕೂದಲನ್ನು ತೋರಿಸಿ ನಕ್ಕಳು.

ಆಮೇಲೆ ಅವಳೇ ಕೇಳಿದಳು: "ಹಣಿಗೆಯ ಕೂದಲು ಕೊಟ್ಟ ಹೆಂಗಸಿಗೆ, ಅದು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತೇ?"

ಗೊತ್ತಿಲ್ಲ, ಎಂದೆ. ಕೂದಲಿನವನಿಗೆ ಕೊಡುತ್ತಾರೆ, ಅಲ್ಲಿಗೆ ಮುಗಿಯಿತು.

ಹಿಂದಿನ ಸಾಲಿನ ಹುಡುಗನೊಬ್ಬ ಬೇರೆ ಮಾತು ಎತ್ತಿದ. ನಾವು ವ್ಯಾಪಾರ ಕಲಿಯಲು ಬಂದಿದ್ದೇವೆ, ಸರಿ ತಪ್ಪು ಹೇಳುವುದು ಪಾದ್ರಿಗಳ ಕೆಲಸವಲ್ಲವೇ ಎಂದ. ಕರೀನ್ ಸಿಟ್ಟಾಗಲಿಲ್ಲ. ಮೊದಲು ಈ ಶಾಲೆಯಲ್ಲೂ ಹೇಗೆ ಹೆಚ್ಚು ಮಾರಬೇಕು ಎಂಬುದನ್ನಷ್ಟೇ ಕಲಿಸುತ್ತಿದ್ದೆವು ಎಂದಳು. ಇಲ್ಲಿಂದ ಹೋದವರೇ ನಾಳೆ ದೊಡ್ಡ ಕಂಪನಿಗಳಲ್ಲಿ ಕೂರುವವರು. ಸರಕು ಎಲ್ಲಿಂದ ಬಂತು ಎಂದು ಇಲ್ಲಿ ಕೇಳಿ ರೂಢಿಯಾಗದವರು ಅಲ್ಲಿ ಕೇಳುವುದಿಲ್ಲ. ಕೇಳದವರ ಕೈಯಲ್ಲಿ ನದಿಯೂ ಉಳಿಯುವುದಿಲ್ಲ, ಕೆಲಸದ ಕೈಯೂ ಉಳಿಯುವುದಿಲ್ಲ. ಹುಡುಗ ಒಪ್ಪಲಿಲ್ಲ. ಆ ಕಡೆ ಈ ಕಡೆ ಮಾತು ಬೆಳೆಯಿತು. ನಮ್ಮ ಕಾಲೇಜುಗಳಲ್ಲಿ ವಾಣಿಜ್ಯ ಓದುವ ಮಕ್ಕಳು ಮೇಷ್ಟರ ಎದುರಿಗೆ ಹೀಗೆ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಕಂಡಿದ್ದರೆ ನಾನೇ ಎಬ್ಬಿಸಿ ಹೊರಗೆ ನಿಲ್ಲಿಸುತ್ತಿದ್ದೆ.

ಕೊನೆಗೆ ಕರೀನ್ ಗೋಡೆಯ ಮೇಲೆ ಒಂದು ನಕ್ಷೆ ತೋರಿಸಿದಳು. ಭಾಗ್ಯನಗರದಿಂದ ಒಂದು ಕೆಂಪು ಗೆರೆ ಹೊರಟಿತ್ತು, ನಮ್ಮ ದಾರದ ಬಣ್ಣ. ಬಂದರಿಗೆ ಹೋಯಿತು, ಸಮುದ್ರ ದಾಟಿತು, ದೂರದ ಒಂದು ದೇಶದ ಗೋದಾಮಿಗೆ ಹೋಗಿ ನಿಂತಿತು. ಈ ಕಡೆ ಡೆನ್ಮಾರ್ಕಿನ ಅಂಗಡಿಗಳಿಂದ ಹೊರಟ ನೀಲಿ ಗೆರೆಗಳೂ ಅದೇ ಗೋದಾಮಿನ ಇನ್ನೊಂದು ಬದಿಗೆ ಹೋಗಿ ನಿಂತಿದ್ದವು. ನಡುವೆ ಖಾಲಿ.

"ಇಲ್ಲಿ ಎಲ್ಲ ಊರುಗಳ ಕೂದಲನ್ನೂ ಕೂಡಿಸಿಬಿಡುತ್ತಾರೆ. ದಾರ ಬಿಚ್ಚುತ್ತಾರೆ," ಎಂದಳು. "ಇಲ್ಲಿಂದ ಮುಂದೆ ಯಾರದು ಯಾರಿಗೆ ಎಂದು ನಮಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ನಾನು ಆ ಖಾಲಿ ಜಾಗವನ್ನು ನೋಡುತ್ತ ಕೂತೆ. ಅಷ್ಟು ದೂರ ಬಂದದ್ದು ಒಂದು ಗೆರೆ ಪೂರ್ತಿಯಾಗಿರುತ್ತದೆ ಎಂಬ ನಂಬಿಕೆಯ ಮೇಲೆ.

ಬಂದರು

ಮಧ್ಯಾಹ್ನ ಬಂದರಿನ ಕಡೆ ನಡೆದೆವು. ಸಮುದ್ರ ಬೂದಿಯ ಬಣ್ಣ. ನಮ್ಮ ಕಡೆ ಮುಗಿಲು ದೊಡ್ಡದು, ಇಲ್ಲಿ ಮುಗಿಲು ತಲೆಗೆ ತಾಕುವಷ್ಟು ಕೆಳಗೆ. ಕುಕನೂರಿನ ಎರೆಹೊಲದ ಬದುವಿನಲ್ಲಿ ನೀಲವ್ವ ನನ್ನ ಮುಂದೆ ನಡೆಯುತ್ತಿದ್ದದ್ದು, ಹೆಜ್ಜೆ ಹೆಜ್ಜೆಗೂ ಜಡೆ ಎಡಕ್ಕೂ ಬಲಕ್ಕೂ ಹೊಡೆಯುತ್ತಿದ್ದದ್ದು ನೆನಪಾಯಿತು. ಅವಳ ಮುಖಕ್ಕಿಂತ ಬೆನ್ನೇ ನನಗೆ ಹೆಚ್ಚು ಪರಿಚಯ. ಅವಳು ಮುಂದೆ, ನಾನು ಹಿಂದೆ, ಯಾವಾಗಲೂ ಹಾಗೆಯೇ.

ಕರೀನಳಿಗೆ ಆಗ ಹೇಳಿದೆ. ಜಡೆಯ ವಿಷಯ, ಟ್ರಂಕಿನ ವಿಷಯ, ನಾನು ಬಂದ ಕಾರಣ. ಹರಕು ಇಂಗ್ಲಿಷಿನಲ್ಲಿ ಬೇಗ ಹೇಳಿ ಮುಗಿಸಿದೆ.

ಅವಳು ನಡಿಗೆ ನಿಲ್ಲಿಸಿ, "ನಾವು ಇಷ್ಟು ಕಾಲ ಇದು ಯಾರ ಕೂದಲು ಎಂದು ಈ ತುದಿಯಿಂದ ಕೇಳುತ್ತಿದ್ದೆವು," ಎಂದಳು. "ಇದು ಯಾರ ತಲೆಗೆ ಹೋಯಿತು ಎಂದು ಆ ತುದಿಯಿಂದ ಕೇಳುವವರು ಇದ್ದಾರೆಂದು ನನಗೆ ಹೊಳೆದಿರಲಿಲ್ಲ."

ಹುಲಿಗೆಮ್ಮನಿಗೆ ಮಾತು ತಿಳಿಯಲಿಲ್ಲ, ಆದರೆ ನನ್ನ ಮುಖ ತಿಳಿಯಿತು. "ಅಕ್ಕಾರ ಸುದ್ದಿ ತಗದ್ರೇನ?" ಎಂದಳು. ತಲೆಯಾಡಿಸಿದೆ. ಅವಳು ತನ್ನ ಸೆರಗನ್ನು ನನ್ನ ಕಿವಿಯ ಮೇಲೆ ಹೊದಿಸಿ, "ಥಂಡಿ ಭಾಳ ಐತಿ, ನಡೀರಿ" ಎಂದಳು.

ವಿಗ್ಗಿನ ಅಂಗಡಿ

ಮರುದಿನ ಕರೀನ್ ತನ್ನ ವಿದ್ಯಾರ್ಥಿಗಳು ಭೇಟಿ ಕೊಡುವ ಅಂಗಡಿಗೆ ನಮ್ಮನ್ನು ಕರೆದೊಯ್ದಳು. "ಲಗೂ ಬರ್ರಿ," ಎಂದಳು ಬಾಗಿಲು ಹಿಡಿದು, ನಮ್ಮ ಶೆಡ್ಡಿನ ಕನ್ನಡದಲ್ಲಿ. ಆಸ್ಪತ್ರೆಯ ಔಷಧದಿಂದ ಕೂದಲು ಹೋದವರಿಗೆ ವಿಗ್ಗು ಹೊಂದಿಸುವ ಅಂಗಡಿ ಅದು. ಒಳಗೆ ಸಾಲಾಗಿ ಮರದ ತಲೆಗಳು, ಪ್ರತಿಯೊಂದಕ್ಕೂ ಒಂದೊಂದು ಬಣ್ಣ.

ಕನ್ನಡಿಯ ಮುಂದೆ ಇಂಗಾ ಎಂಬವಳು ಕೂತಿದ್ದಳು. ನನಗಿಂತ ಸ್ವಲ್ಪ ಚಿಕ್ಕವಳು. ನಾವು ಬರಲಿದ್ದೇವೆಂದು ಅವಳಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದರು. ತನ್ನ ಕೂದಲು ಮೊದಲು ಉದ್ದವಿತ್ತು, ಅದಕ್ಕೇ ಉದ್ದನೆಯದನ್ನೇ ಬೇಡಿ ಹಾಕಿಸಿಕೊಂಡಿದ್ದೇನೆ ಎಂದಳು. ಅವಳ ತಲೆಯ ಮೇಲಿದ್ದದ್ದು ತೇಗದ ಕಟ್ಟಿಗೆಯ ಬಣ್ಣದ್ದು, ಸೊಂಟದವರೆಗೆ ಬಂದಿತ್ತು. ಅಂಗಡಿಯಾಕೆ ಹೇಳಿದಳು, ಇದು ಹಿಂದೂಸ್ತಾನದ ಕೂದಲು, ಅಷ್ಟು ಗೊತ್ತು.

ನಾನು ಒಂದು ಹೆಜ್ಜೆ ಹತ್ತಿರ ಹೋದೆ. ಇಂಥ ಉದ್ದ ಹಣಿಗೆಯ ಕೂದಲಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಇದು ಕತ್ತರಿಸಿದ ಜಡೆ.

"ಯಾರದು ಇದು?" ಎಂದು ಇಂಗಾ ಕನ್ನಡಿಯಿಂದಲೇ ನನ್ನನ್ನು ಕೇಳಿದಳು, ಕರೀನ್ ತಿಳಿಸಿ ಹೇಳಿದಳು. "ದಿನಾ ತಲೆಯ ಮೇಲೆ ಹೊರುತ್ತೇನೆ. ಒಂದು ಹೆಸರಾದರೂ ಗೊತ್ತಿದ್ದರೆ ಚೆನ್ನಾಗಿತ್ತು."

ಒಂದು ಹೆಸರು ನನ್ನ ಬಾಯಿಯವರೆಗೆ ಬಂತು. ಹೇಳಿದ್ದರೆ ಅವಳಿಗೂ ಸಂತೋಷ, ನನಗೂ ಸಂತೋಷ, ಯಾರಿಗೂ ನಷ್ಟವಿಲ್ಲ. ಹೇಳಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವ ರೂಢಿ ನನಗಿಲ್ಲ. "ಹೆಣೆದು ನೋಡಲೇ?" ಎಂದು ಕೇಳಿದೆ.

ಅವಳು ಬೆನ್ನು ಕೊಟ್ಟು ಕೂತಳು.

ಎಷ್ಟೋ ವರ್ಷಗಳ ನಂತರ ಇನ್ನೊಬ್ಬರ ಬೆನ್ನ ಹಿಂದೆ ನಿಂತೆ. ಕೂದಲನ್ನು ಮೂರು ಪಾಲು ಮಾಡಿದೆ. ಒಂದು ಹೆಣಿಕೆ. ಎರಡು. ಹುಲಿಗೆಮ್ಮ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಅವಳಿಗೂ ಗೊತ್ತು, ಅಕ್ಕನ ಕೂದಲಿನ ಹಟ ಶೆಡ್ಡಿಗೆಲ್ಲ ಗೊತ್ತು.

ಮೂರನೆಯದು ಜಾರಲಿಲ್ಲ. ಹೇಳಿದಲ್ಲಿ ನಿಂತಿತು. ನಾಲ್ಕನೆಯದೂ ನಿಂತಿತು. ಪ್ರಾರ್ಥನೆಯ ಗಂಟೆಗೆ ಮೊದಲೇ ಮುಗಿಯುವಂಥ ಕೂದಲು. ಬಾಲ್ಯದುದ್ದಕ್ಕೂ ದೇವರಲ್ಲಿ ನಾನು ಬೇಡಿಕೊಂಡಿದ್ದಂಥ ವಿಧೇಯ ಕೂದಲು.

ಅರ್ಧಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ತುದಿಯವರೆಗೆ ಹೆಣೆದೆ, ಒಂದೂ ಎಳೆ ಹೊರಗೆ ಬರದಂತೆ. ಕಟ್ಟಲು ಏನೂ ಇರಲಿಲ್ಲ. ಹುಲಿಗೆಮ್ಮ ಮುಂಗೈಗೆ ಸದಾ ಸುತ್ತಿಕೊಂಡಿರುವ ಕೆಂಪು ದಾರದಿಂದ ಒಂದು ತುಂಡು ಹಲ್ಲಿನಲ್ಲಿ ಕಡಿದು ಕೊಟ್ಟಳು. ಕಟ್ಟಿದೆ.

ಇಂಗಾ ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆ ತಂದುಕೊಂಡು, ದಾರವನ್ನು ಮುಟ್ಟಿ ನೋಡಿ, ಎದ್ದು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಅಪ್ಪಿಕೊಳ್ಳುವುದು ನನಗೆ ಬರುವುದಿಲ್ಲ. ಹಾಸ್ಟೆಲಿನಲ್ಲಿ ನೆಟ್ಟಗೆ ನಿಲ್ಲಲು ಕಲಿಸಿದ್ದರು, ನೆಟ್ಟಗೆ ನಿಂತೆ. ಅವಳು ಹೊರಗೆ ಹೋದಳು. ರಸ್ತೆಯಲ್ಲಿ ಯಾವ ಗಾಡಿಯೂ ಇರಲಿಲ್ಲ, ಆದರೂ ಕೆಂಪು ದೀಪಕ್ಕೆ ನಿಂತಳು. ಅವಳ ಬೆನ್ನು ಕಾಣುತ್ತಿತ್ತು. ದೀಪ ಹಸಿರಾಯಿತು.

ಬಸ್ಸಿನಲ್ಲಿ ಕೂತ ಮೇಲೆ ಹುಲಿಗೆಮ್ಮ ಕೇಳಿದಳು: "ಅಕ್ಕಾರದು ಅಲ್ಲೇನ್ರಿ?"

"ಅಲ್ಲ."

"ಅಲ್ಲದ್ದ ಛಲೋ ಆತು ಬಿಡ್ರಿ ಬಾಯಾರ."

"ಯಾಕ?"

"ಆಗಿದ್ರ ಇಲ್ಲೇ ಬಿಟ್ಟು ಬರಬೇಕಾಗತಿತ್ತು." ಕಿಟಕಿಯ ಹೊರಗೆ ನೋಡುತ್ತ ಅಂದಳು. "ನೀವು ಬಿಟ್ಟು ಬರೂ ಪೈಕಿ ಏನ್ರಿ?"

ತಿರುಗಿ ಭಾಗ್ಯನಗರ

ಶೆಡ್ಡಿನ ಹೆಂಗಸರಿಗೆ ಹುಲಿಗೆಮ್ಮನೇ ಪ್ರವಾಸ ಕಥೆ ಹೇಳುತ್ತಾಳೆ. ಅದರಲ್ಲಿ ರೈಲಿನ ಗೃಹಸ್ಥರು ನನ್ನ ಕೈಗೆ ಹೆದರಿ ಚಲಿಸುವ ರೈಲಿನಿಂದ ಜಿಗಿದಿದ್ದಾರೆ. ತಿದ್ದಲು ಹೋಗಿಲ್ಲ.

ಕರೀನಳ ಶಾಲೆ ಹೊಸದೊಂದು ಪ್ರಯೋಗ ಶುರುಮಾಡಿದೆ. ನಮ್ಮ ಶೆಡ್ಡಿನ ಕೆಲವು ಕಟ್ಟುಗಳು ಇನ್ನು ಮುಂದೆ ಗೋದಾಮಿನಲ್ಲಿ ಬೆರೆಯುವುದಿಲ್ಲ. ಕೆಂಪು ದಾರ ಬಿಚ್ಚದೆ ಅಂಗಡಿಯವರೆಗೆ ಹೋಗುತ್ತವೆ. ಜಡೆ ಕೊಡುವವರು ಇಷ್ಟಪಟ್ಟರೆ ಹೆಸರೂ ಜೊತೆಗೆ ಹೋಗುತ್ತದೆ. ನಕ್ಷೆಯ ಖಾಲಿ ಜಾಗದಲ್ಲಿ ಒಂದು ಗೆರೆಯಾದರೂ ಕೂಡೀತು ಎಂದು ಅವಳ ಆಸೆ. ನಾನು ನಿಯಮ ಮಾಡಿ ಗೋಡೆಗೆ ಹಚ್ಚಿದ್ದೇನೆ, ಚೆನ್ನಾಗಿ ನಡೆಯುತ್ತಿದೆ. ಇನ್ನು ಮುಂದೆ ಕೊಡುವವರು ಕೇಳಿದರೆ ಉತ್ತರ ಇರುತ್ತದೆ. ನೀಲವ್ವನದು ಅದಕ್ಕೆ ಮೊದಲೇ ಹೋಯಿತು.

ಬೆಳಗ್ಗೆ ಶೆಡ್ಡಿನ ಗಂಟೆ ಹೊಡೆಯುವ ಮೊದಲು ನನ್ನ ಜಡೆ ನಾನೇ ಹೆಣೆದುಕೊಳ್ಳುತ್ತೇನೆ. ಬಿಳಿಯಾಗಿದೆ, ತೆಳ್ಳಗಾಗಿದೆ, ಎಂದೂ ಜಾರಿದ್ದಿಲ್ಲ. ಆದರೂ ಮೂರನೇ ಹೆಣಿಕೆಗೆ ಬಂದಾಗ ಕೈ ತಾನಾಗಿ ಎರಡು ಸಲ ಎಳೆಯುತ್ತದೆ.